ಕಂಪ್ಯೂಟರ್ ಅಕ್ಕೋರು ಮತ್ತು ಗಂಧಕದ ಹೊಗೆ

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೂ ಸೀಳಿತ್ತು. ಹಳೆಯ ಕಂಪ್ಯೂಟರುಗಳ ಮುಚ್ಚಳ ಎಬ್ಬಿಸಿ ಎಬ್ಬಿಸಿ ಆದ ಸೀಳು ಅದು. ಉಗುರು ಬೆಳೆದಂತೆಲ್ಲ ಅದೂ ಬೆಳೆಯುತ್ತಿತ್ತು. ಸೀರೆಯ ನೂಲಿಗೆ ಸಿಕ್ಕಿಕೊಳ್ಳದಿರಲೆಂದು ಆ ಒಂದು ಉಗುರಿಗೆ ಮಾತ್ರ ದಪ್ಪಗೆ ಕೆಂಪು ಬಣ್ಣ ಬಳಿದುಕೊಳ್ಳುತ್ತಿದ್ದರು. ಉಳಿದ ಒಂಬತ್ತೂ ಬೋಳು. ಐವತ್ತು ದಾಟಿದ, ತಲೆ ಅರ್ಧ ನರೆತ, ಗಂಟುಮುಖದ ಹೆಂಗಸಿನ ಕೈಯಲ್ಲಿ ಆ ಒಂಟಿ ಕೆಂಪು ಉಗುರು ನೋಡಿ ಮೊದಲ ದಿನ ನನಗೆ ನಗು ತಡೆಯಲಾಗಲಿಲ್ಲ. ಅವರು ತಲೆ ಎತ್ತಿ ನೋಡಲೂ ಇಲ್ಲ. "ನಕ್ಕು ಮುಗಸು, ಆಮ್ಯಾಲ ಮಾತಾಡೂಣು" ಅಂದರು.

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯೊಂದರಲ್ಲಿ ಹಳೆಯ ಕಲ್ಲಿನ ಮನೆಯ ಮುಂಗೋಣೆಯೇ ಅವರ ಅಂಗಡಿ. ಬೋರ್ಡು ಇರಲಿಲ್ಲ. ಒಂದು ಕಾಲಕ್ಕೆ ಅಲ್ಲಿ ಟೈಪಿಂಗ್ ಕಲಿಸುತ್ತಿದ್ದರಂತೆ, ಆಮೇಲೆ ಕಂಪ್ಯೂಟರ್. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತೇವೆ. ಎಲ್ಲರ ಕೈಗೂ ಫೋನು ಬಂದು ಕ್ಲಾಸು ಮುಚ್ಚಿತು, ಹುಡುಗಿಯರು ಬರುವುದು ನಿಂತಿತು, ಹೆಸರು ಮಾತ್ರ ಉಳಿಯಿತು. ಉಳಿದುಹೋದ ಹತ್ತಾರು ಮಿಷನ್‌ಗಳನ್ನು ಗುಜರಿಗೆ ಹಾಕಲು ಮನಸ್ಸಾಗದೆ ಒಂದೊಂದಾಗಿ ಬಿಚ್ಚುತ್ತ, ಕೂಡಿಸುತ್ತ ತಾವೇ ರಿಪೇರಿ ಕಲಿತರು. ನಾನು ನೋಡುವ ಹೊತ್ತಿಗೆ ಆಫೀಸುಗಳು ಬಿಸಾಕಿದ ಕಂಪ್ಯೂಟರುಗಳನ್ನು ತಂದು, ಅವುಗಳ ಹೊಟ್ಟೆಯಿಂದ ಆಟದ ಕಂಪ್ಯೂಟರ್ ಹುಟ್ಟಿಸುವುದರಲ್ಲಿ ಊರಿನಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಹೊಸದನ್ನು ಕೊಳ್ಳಲಾಗದವರೆಲ್ಲ ಆ ಓಣಿಗೇ ಬರುತ್ತಿದ್ದರು. ವಿಚಿತ್ರವೆಂದರೆ ಅಕ್ಕೋರು ತಮ್ಮ ಜೀವನದಲ್ಲಿ ಒಂದೇ ಒಂದು ಆಟ ಆಡಿದವರಲ್ಲ. ಪರದೆಯ ಮೇಲೆ ಬಂದೂಕು ಕಂಡರೆ ಕಣ್ಣು ಕಿರಿದು ಮಾಡಿ, ಚಿತ್ರ ತಡೆಯದೆ ಓಡುತ್ತದೋ ಇಲ್ಲವೋ ಅಷ್ಟನ್ನೇ ನೋಡುತ್ತಿದ್ದರು.

ಅವರ ಕೋಣೆಗೆ ಅವರದೇ ಮಡಿ. ನೈಲಾನ್ ಸೀರೆ ಉಟ್ಟವರು ಹೊಸ್ತಿಲು ದಾಟುವಂತಿಲ್ಲ. ಒಳಗೆ ಬಂದವರು ಚಪ್ಪಲಿ ಬಿಟ್ಟು, ಬಳೆ ತೆಗೆದು, ಮೊದಲು ಗೋಡೆಗೆ ನಿಂತ ಕಬ್ಬಿಣದ ಕಪಾಟು ಮುಟ್ಟಬೇಕು. ನಮ್ಮ ಒಣ ಹವೆಯಲ್ಲಿ ಮೈಯಿಂದ ಚಿಟ್ಟನೆ ಸಿಡಿಯುವ ಕರೆಂಟು ಒಂದು ಬೋರ್ಡನ್ನು ಸಾಯಿಸಲು ಸಾಕಂತೆ. ಗಿರಾಕಿಗಳು ಕಪಾಟು ಮುಟ್ಟಿದ ಕೈಯನ್ನು ಅಭ್ಯಾಸಬಲದಿಂದ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅಕ್ಕೋರು ಅದಕ್ಕೆ ಬೇಡವೆನ್ನಲಿಲ್ಲ.

ನಾನು ಹೋದದ್ದು ತಮ್ಮನಿಗಾಗಿ. ನಮ್ಮದು ಟಿಕೋಟಾ ಹತ್ತಿರ ದ್ರಾಕ್ಷಿ ತೋಟ, ತೋಟದಲ್ಲೇ ಒಣದ್ರಾಕ್ಷಿ ಮಾಡುವ ಶೆಡ್ಡು, ಶೆಡ್ಡಿನ ತುದಿಗೆ ಅಂಟಿದಂತೆ ನಾವು ವಾಸಿಸುವ ಕೋಣೆಗಳು. ನಾನು ಟಿಕೋಟಾದ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತಿದ್ದೆ. ತಮ್ಮ ಅಪ್ಪನ ಜೊತೆ ತೋಟ ನೋಡಿಕೊಳ್ಳುತ್ತಿದ್ದ. ಇಪ್ಪತ್ತೊಂದನೇ ವಯಸ್ಸಿನಲ್ಲಿ, ಸುಗ್ಗಿಗೆ ಮುಂಚೆ ಶೆಡ್ಡಿನ ತಗಡು ಬಿಗಿಮಾಡಲು ಹತ್ತಿದವನು ಕಾಲು ಜಾರಿ ಸಿಮೆಂಟಿನ ನೆಲಕ್ಕೆ ಬಿದ್ದ. ಬೆನ್ನು ಮುರಿಯಿತು. ಸೊಂಟದಿಂದ ಕೆಳಗೆ ಏನೂ ಗೊತ್ತಾಗದಂತಾಯಿತು. ಡಾಕ್ಟರು ಕೈ ಚೆಲ್ಲಿದರು.

ಬೀಳುವ ಮುಂಚೆ ಅವನು ಸಂಜೆಯಾದರೆ ಬೈಕು ಹತ್ತಿ ಬಬಲೇಶ್ವರಕ್ಕೆ ಹೋಗುತ್ತಿದ್ದ. ಅಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ಕಂಪ್ಯೂಟರ್ ಇತ್ತು, ನಾಲ್ಕೈದು ಜನ ಸೇರಿ ಆಡುತ್ತಿದ್ದರು. ಬಿದ್ದ ಮೇಲೆ ಗೆಳೆಯರು ಒಂದೆರಡು ತಿಂಗಳು ಬಂದರು, ಆಮೇಲೆ ಬರುವುದು ಕಡಿಮೆಯಾಯಿತು. ಅವರನ್ನೂ ಬೈಯಲಾರೆ, ಮಂಚದ ಪಕ್ಕ ಕೂತು ಎಷ್ಟೆಂದು ಮಾತಾಡುತ್ತಾರೆ? ತಮ್ಮ ಗೋಡೆಗೆ ಮುಖ ಮಾಡಿ ಮಲಗತೊಡಗಿದ. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಅವ್ವ ತುತ್ತು ಮಾಡಿ ಬಾಯಿಗೆ ಹಿಡಿದರೆ ಸಣ್ಣ ಕೂಸಿನಂತೆ ತುಟಿ ಬಿಗಿಯುತ್ತಿದ್ದ. ಅವನು ಬದುಕುವುದನ್ನು ಬಿಡುತ್ತಿದ್ದಾನೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಿ ತೋರಿಸಲಿಲ್ಲ. ಹಾಗೆ ಆರು ತಿಂಗಳು ಕಳೆದ ಮೇಲೆ ಒಂದು ದಿನ, ಗೋಡೆಯ ಕಡೆಗೇ ತಿರುಗಿ, ಬಬಲೇಶ್ವರದವರ ಜೊತೆ ಇಲ್ಲಿಂದಲೇ ಆಡುವಂಥ ಒಂದು ಕಂಪ್ಯೂಟರ್ ಸಿಗುತ್ತದೇನು ಎಂದು ಕೇಳಿದ. ಆರು ತಿಂಗಳಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅಪ್ಪ ಆಟವಾಡಲು ಇವನೇನು ಸಣ್ಣ ಹುಡುಗನೇ ಎಂದು ಗೊಣಗಿದರು. ನಾನು ಮಾರನೇ ದಿನವೇ ವಿಜಯಪುರದ ಬಸ್ಸು ಹತ್ತಿದೆ.

ಅಕ್ಕೋರಿಗೆ ಇದನ್ನೆಲ್ಲ ಹೇಳಿದೆ. ಕೇಳಿ ಮುಗಿಯುವವರೆಗೆ ಕೈಯಲ್ಲಿದ್ದ ಫ್ಯಾನಿನ ಧೂಳು ಒರೆಸುತ್ತಲೇ ಇದ್ದರು. ಆಮೇಲೆ ಎದ್ದು ಮೂಲೆಯಿಂದ ಕರಿಯ ಡಬ್ಬವೊಂದನ್ನು ಎಳೆದು ನನ್ನ ಮುಂದಿಟ್ಟರು.

"ನಾ ಕೂಡಿಸಿ ಕೊಡಂಗಿಲ್ಲ. ನೀನ ಕೂಡಸಬೇಕು."

ನನಗೆ ಬಲ್ಬು ಬದಲಿಸಲೂ ಬರುವುದಿಲ್ಲ ಎಂದೆ.

"ನಾಳೆ ತ್ವಾಟದಾಗ ಕೆಟ್ಟು ನಿಂತ್ರ ನಾ ಓಡಿ ಬರಾಕ ಆಗತೈತೇನ? ಅಂವ ಅಲ್ಲಿ ಅದರ ಮಕಾ ನೋಡಕೋತ ಮಲಗಬೇಕೇನ? ಬಳಿ ತಗಿ, ಕಪಾಟ ಮುಟ್ಟು, ಕೂಡು."

ಆರು ಭಾನುವಾರ ನಾನು ಆ ಕೋಣೆಯಲ್ಲಿ ಕೂತೆ. ಅಕ್ಕೋರು ಪಾಟಿಯ ಮೇಲೆ ಸುಣ್ಣದ ಬಳಪದಿಂದ ಬರೆದು ಕಲಿಸುತ್ತಿದ್ದರು, ಹಳೆಯ ಚಾಳಿ. ಆಟದ ಮಿಷನ್ನಿಗೆ ಜೀವಾಳ ಚಿತ್ರ ಬಿಡಿಸುವ ಕಾರ್ಡು, ಗ್ರಾಫಿಕ್ಸ್ ಕಾರ್ಡು; ಉಳಿದದ್ದರಲ್ಲಿ ಕೈ ಬಿಗಿ ಹಿಡಿ, ಅದರಲ್ಲಿ ಹಿಡಿಯಬೇಡ. ಕರೆಂಟು ಕೊಡುವ ಡಬ್ಬಿಯಲ್ಲಿ ಅಗ್ಗಕ್ಕೆ ಹೋದರೆ ಅದು ಸಾಯುವಾಗ ಎಲ್ಲವನ್ನೂ ಕರೆದುಕೊಂಡು ಹೋಗುತ್ತದೆ. ರ‍್ಯಾಮ್ ಪಟ್ಟಿ ಒಂದು ದೊಡ್ಡದಕ್ಕಿಂತ ಎರಡು ಸಣ್ಣವು ಮೇಲು, ಜೋಡೆತ್ತಿನಂತೆ ಎಳೆಯುತ್ತವೆ. ಹಳೇ ಆಫೀಸು ಡಬ್ಬದ ಬೋರ್ಡು, ಪ್ರೊಸೆಸರ್ ಗಟ್ಟಿ. ಅದನ್ನಿಟ್ಟುಕೊಂಡು ಕಾರ್ಡನ್ನೂ ಡಿಸ್ಕನ್ನೂ ಬದಲಿಸು. ಇಷ್ಟು ತಿಳಿದರೆ ಬಡವರ ಮಿಷನ್ ಆಯಿತು ಅನ್ನುತ್ತಿದ್ದರು. ಪ್ರೊಸೆಸರಿನ ಮೇಲೆ ಶಾಖ ಹೀರುವ ಪೇಸ್ಟು ಹಚ್ಚುವ ದಿನ ನಾನು ಉತ್ಸಾಹದಲ್ಲಿ ಅರ್ಧ ಟ್ಯೂಬು ಒತ್ತಿದೆ. "ರೊಟ್ಟಿಗೆ ಚಟ್ನಿ ಹಚ್ಚಾಕತ್ತೀಯೇನ? ಜ್ವಾಳದ ಕಾಳಿನಷ್ಟು ಸಾಕು" ಅಂದು, ಬಟ್ಟೆಯಿಂದ ನನ್ನ ಕೈಯಲ್ಲೇ ಒರೆಸಿಸಿ ಮತ್ತೆ ಹಚ್ಚಿಸಿದರು. ಕಾರ್ಡು ಕೂರದೆ ನಾನು ಬಲ ಹಾಕಿದಾಗ ಮಾತ್ರ ಅವರಿಗೆ ಖರೇ ಸಿಟ್ಟು ಬರುತ್ತಿತ್ತು. ಕೂಡುವುದಿದ್ದರೆ ತಾನೇ ಕೂಡುತ್ತದೆ, ನೀನು ತಾಳ್ಮೆಯಿಂದ ದಾರಿ ತೋರಿಸು, ಅಷ್ಟೇ ನಿನ್ನ ಕೆಲಸ ಎಂಬುದು ಅವರ ಒಂದೇ ಪಾಠ.

ನಡುವೆ ಚಹಾ. ಅವರದು ಸಕ್ಕರೆ ಇಲ್ಲದ್ದು. ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷವಾಗಿತ್ತು. ಬಸಿಯಲ್ಲಿ ಹಾಕಿ, ಸೊರ್ರನೆ ಎಳೆದು, ಮುಖ ಹಿಂಡುತ್ತಿದ್ದರು. ಪ್ರತಿ ಭಾನುವಾರ ಮೊದಲು ಕೇಳುತ್ತಿದ್ದುದು ಮಾತ್ರ ಮಿಷನ್ನಿನ ವಿಷಯವಲ್ಲ. ತಮ್ಮ ಈ ವಾರ ಎಷ್ಟು ರೊಟ್ಟಿ ತಿಂದ ಎಂದು.

ಕೊನೆಯ ಭಾನುವಾರ ಪರೀಕ್ಷೆಗೆ ಕೂರಿಸಿದಂತೆ ಪ್ರಶ್ನೆ ಹಾಕಿದರು. ತೋಟದಲ್ಲಿ ಕರೆಂಟು ಎಷ್ಟು ತಾಸು ಇರುತ್ತದೆ, ಹೆಚ್ಚು ಕಡಿಮೆ ಆಗುತ್ತದೆಯೇ, ಇಲಿ ಇವೆಯೇ, ತಗಡು ಸೋರುತ್ತದೆಯೇ, ಇರುವೆ ಬರುತ್ತವೆಯೇ. ಎಲ್ಲಕ್ಕೂ ಉತ್ತರಿಸಿದೆ. ಎಲ್ಲಕ್ಕೂ ಅವರ ಬಳಿ ಒಂದೊಂದು ಉಪಾಯವಿತ್ತು. ಕಡೆಗೆ ಅಂದರು: "ನಿಮ್ಮ ಕಡೆ ಧೂಳ ಭಾಳ. ಕಿಡಕಿ ಮುಚ್ಚಿಡು. ಧೂಳ ಹೊಕ್ರ ಫ್ಯಾನ ಹಿಡೀತೈತಿ, ಮಿಷನ್ ಬೇಯತೈತಿ."

ನಾನು ತಲೆಯಾಡಿಸಿದೆ. ಕೋಣೆ ಎಲ್ಲಿದೆ, ಗೋಡೆಯಾಚೆ ಏನಿದೆ ಎಂದು ಅವರು ಕೇಳಲಿಲ್ಲ. ಹೇಳಬೇಕೆಂದು ನನಗೂ ಹೊಳೆಯಲಿಲ್ಲ.

ಮಿಷನ್ನನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಮನೆಯಲ್ಲಿ ಹಚ್ಚಿದರೆ ಚಿತ್ರ ಮುಗ್ಗರಿಸುತ್ತಿತ್ತು. ಅಕ್ಕೋರಿಗೆ ಫೋನು ಮಾಡಿದೆ. ಪರದೆಯ ಕೇಬಲ್ಲನ್ನು ಕಾರ್ಡಿಗೆ ಚುಚ್ಚುವುದು ಬಿಟ್ಟು ಬೋರ್ಡಿಗೆ ಚುಚ್ಚಿದ್ದೆನಂತೆ. ಹೊಸಬರೆಲ್ಲ ಮಾಡುವ ತಪ್ಪು. ಆರು ವಾರ ಕಲಿತು ಬಂದ ಅಕ್ಕನ ಪರಿಸ್ಥಿತಿ ಕಂಡು ತಮ್ಮ ನಕ್ಕ. ಬಿದ್ದ ಮೇಲೆ ಅವನು ನಕ್ಕ ಮೊದಲ ನಗು ಅದು. ಅವ್ವ ಒಲೆ ಬಿಟ್ಟು ಓಡಿ ಬಂದಳು, ಏನಾಯಿತೋ ಎಂದು.

ಆ ಮೂರು ತಿಂಗಳ ಸುಖವನ್ನು ನಾನು ಸುಳ್ಳೆನ್ನಲಾರೆ. ಅವನಿಗೆ ದಿಂಬು ಕೊಟ್ಟು ಕೂರಿಸುತ್ತಿದ್ದೆವು, ಹಲಗೆಯ ಮೇಲೆ ಕೀಬೋರ್ಡು. ಕಿವಿಗೆ ಹೆಡ್‌ಫೋನು ಹಾಕಿ ಬಬಲೇಶ್ವರದವರನ್ನು ಬೈಯುವುದು, ಕಾಡಿಸುವುದು, ಸೋತರೆ ಹಲಗೆ ಕುಟ್ಟುವುದು. ರೊಟ್ಟಿ ಮತ್ತೆ ಎರಡಾಯಿತು. ಅಪ್ಪ ತಮಗೆ ಬೇಕಿಲ್ಲವೆಂಬಂತೆ ಬಾಗಿಲಲ್ಲಿ ನಿಂತು, ಪರದೆಯ ಮೇಲೆ ಓಡುವ ಕಾರು ತಿರುವಿನಲ್ಲಿ ಬಂದಾಗ ತಾವೂ ಒಂದು ಕಡೆ ವಾಲುತ್ತಿದ್ದರು. ತಮ್ಮ ಏನಾದರೂ ಅಡಚಣೆಯಾದರೆ ನನ್ನನ್ನು ಕೇಳದೆ ನೇರ ಅಕ್ಕೋರಿಗೇ ಫೋನು ಮಾಡುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ, ಆದರೂ ಅರ್ಧರ್ಧ ತಾಸು ಮಾತಾಡುತ್ತಿದ್ದರು.

ಸುಗ್ಗಿ ಬಂತು. ಒಣದ್ರಾಕ್ಷಿಯ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಬಲೆಯ ಮೇಲೆ ಒಣಗಿದ ಹಣ್ಣಿಗೆ ಚಿನ್ನದ ಬಣ್ಣ ಬರಲೆಂದು ಮುಚ್ಚಿದ ಖೋಲಿಯಲ್ಲಿಟ್ಟು ಗಂಧಕದ ಹೊಗೆ ಕೊಡುತ್ತಾರೆ. ನಮ್ಮ ಗಂಧಕದ ಖೋಲಿಗೂ ತಮ್ಮನ ಕೋಣೆಗೂ ನಡುವೆ ಒಂದೇ ಗೋಡೆ. ಹೊಗೆ ಸಂದಿಯಿಂದ ಬರುವುದು, ಕಣ್ಣು ಉರಿಯುವುದು ನಮಗೆ ಹುಟ್ಟಿನಿಂದ ರೂಢಿ. ಪ್ರತಿ ಸುಗ್ಗಿಯಲ್ಲೂ ಅವ್ವನ ಬೆಳ್ಳಿಯ ಕಾಲುಂಗುರಗಳು ಕಪ್ಪಾಗುತ್ತಿದ್ದವು. ಮುಗಿದ ಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳ್ಳಗೆ ಮಾಡಿಕೊಳ್ಳುತ್ತಿದ್ದಳು. ಅದರಾಚೆ ಯೋಚಿಸಲು ಏನಿದೆ? ಮನೆಯಲ್ಲಿ ಮಲಗಿದವರಿದ್ದರೆ ಗಂಧಕ ಹಚ್ಚುವ ದಿನ ಮಂಚವನ್ನು ಬೇವಿನ ಮರದ ಕೆಳಗೆ ಹೊರುವುದು ಅಜ್ಜಿಯ ಕಾಲದಿಂದ ಬಂದ ಪದ್ಧತಿ. ತಮ್ಮ ಬಿದ್ದ ವರ್ಷದ ಸುಗ್ಗಿಯಲ್ಲಿ ಅವನ ಮಂಚವೂ ದಿನವೆಲ್ಲ ಅಲ್ಲೇ ಇತ್ತು.

ಈ ವರ್ಷ ಅವನು ಹೊರಗೆ ಬರಲು ಒಪ್ಪಲಿಲ್ಲ. ವೈರುಗಳು, ಬಿಸಿಲಿಗೆ ಪರದೆ ಕಾಣುವುದಿಲ್ಲ, ಗೆಳೆಯರು ಕಾಯುತ್ತಾರೆ. ಒತ್ತಾಯ ಮಾಡಲು ನಮಗೂ ಮನಸ್ಸಾಗಲಿಲ್ಲ. ನಗುತ್ತಿದ್ದವನನ್ನು ಎಬ್ಬಿಸಿ ಮರದ ಕೆಳಗೆ ಒಯ್ದು ಮತ್ತೆ ಮುಖ ತಿರುಗಿಸಿ ಮಲಗುವಂತೆ ಮಾಡುವುದೇ? ಬಾಗಿಲಿಗೆ ಪರದೆ ಕಟ್ಟಿದೆವು, ಕಿಟಕಿ ಮೊದಲೇ ಮುಚ್ಚಿತ್ತು. ಅವನಿಗೆ ಕೆಮ್ಮು ಹತ್ತಿತು. ಮಲಗಿದ ಮೈಗೆ ಥಂಡಿ ಬೇಗ ಎಂದು ಅವ್ವ ಓಮಿನ ಕಷಾಯ ಮಾಡಿಕೊಟ್ಟಳು. ಬೆನ್ನು ಮುರಿದು ಹೊಟ್ಟೆಯ ಬಲವೂ ಹೋದವನು ಗಟ್ಟಿಯಾಗಿ ಕೆಮ್ಮಿ ಕಫ ಉಗುಳಲೂ ಆರ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ಸುಗ್ಗಿಯ ನಾಲ್ಕನೇ ವಾರದಲ್ಲಿ ಮಿಷನ್ ಆಡುತ್ತ ಆಡುತ್ತ ನಿಲ್ಲತೊಡಗಿತು. ಒಂದು ಮಧ್ಯಾಹ್ನ ಪೂರ್ತಿ ಸತ್ತಿತು. ಕಲಿತಿದ್ದನ್ನೆಲ್ಲ ಮಾಡಿ ನೋಡಿದೆ. ಕೊನೆಗೆ ರಜೆ ಹಾಕಿ, ಅದೇ ಕೌದಿಯಲ್ಲಿ ಸುತ್ತಿ ಬಸ್ಸು ಹತ್ತಿದೆ.

ಅಕ್ಕೋರು ಮುಚ್ಚಳ ಎಬ್ಬಿಸಿ ಸುಮ್ಮನೆ ನೋಡಿದರು. ಕಾರ್ಡಿನ ಹಳದಿ ಹಲ್ಲುಗಳು ಇದ್ದಿಲು ಬಣ್ಣಕ್ಕೆ ತಿರುಗಿದ್ದವು. ತಾಮ್ರ ಇದ್ದಲ್ಲೆಲ್ಲ ಕಿಲುಬು. ಬೋರ್ಡನ್ನು ಕಿತ್ತು ಮೂಗಿನ ಹತ್ತಿರ ಹಿಡಿದು ಮೂಸಿದರು. ಮತ್ತೊಮ್ಮೆ ಮೂಸಿದರು.

"ಇದನ್ನ ಎಲ್ಲಿ ಇಟ್ಟಿದ್ದಿ ತಂಗಿ?"

ಕೋಣೆಯ ವಿಷಯ, ಗೋಡೆಯ ವಿಷಯ, ಗಂಧಕದ ವಿಷಯ ಹೇಳಿದೆ. ನಾನು ಇನ್ನೂ ಮಿಷನ್ನಿನ ಚಿಂತೆಯಲ್ಲೇ ಇದ್ದೆ, ರಿಪೇರಿಯಾಗುತ್ತದೇನ್ರಿ ಎಂದು ಕೇಳಿದೆ. ಅವರು ಬೋರ್ಡನ್ನು ಕೆಳಗಿಟ್ಟರು.

"ಮೂರ ನಾಕ ವಾರದಾಗ ತಾಮ್ರ ಹಿಂಗ ಆಗೇತಿ. ಇದರ ಬಾಜು ಹಗಲೆಲ್ಲ ಕುಂತಾವನ ಎದಿ ಏನಾಗಿರಬೇಕು?"

ನನಗೆ ಆಗಲೂ ಅರ್ಥವಾಗಲಿಲ್ಲ. ಅವರೇ ಕೇಳಿದರು, ಕೆಮ್ಮುತ್ತಾನೇನು ಎಂದು. ಹೌದೆಂದೆ. ಅಕ್ಕೋರು ಕದ ಎಳೆದುಕೊಂಡರು, ಬೀಗ ಕೂಡ ಹಾಕಲಿಲ್ಲ. ಸಕ್ಕರೆ ಕಾಯಿಲೆಯ ಆ ಹೆಂಗಸು ಬಸ್‌ಸ್ಟ್ಯಾಂಡಿನವರೆಗೆ ನನಗಿಂತ ಮುಂದೆ ಮುಂದೆ ನಡೆದರು.

ತಮ್ಮನನ್ನು ಅವರು ಮೊದಲ ಸಲ ನೋಡಿದ್ದು ಹಾಗೆ. ಮಿಷನ್ ಇಲ್ಲದ ಕೋಣೆಯಲ್ಲಿ ಗೋಡೆಗೆ ಒರಗಿದ್ದ, ತುಟಿಯ ಸುತ್ತ ನೀಲಿ ಬಣ್ಣ. ದಿನಾ ನೋಡುವ ನಮಗೆ ಆ ಬಣ್ಣ ಕಂಡಿರಲಿಲ್ಲ. ಅಕ್ಕೋರು ಹೋದವರೇ ಕಿಟಕಿಯ ಅಗುಳಿ ತೆಗೆದರು. ಆಮೇಲೆ ಅಪ್ಪನ ಕಡೆ ತಿರುಗಿದರು. ಶೆಡ್ಡಿನಲ್ಲಿ ಮಾಲಿದೆ, ಗಾಡಿ ಸಂಜೆಗೆ ಬರುತ್ತದೆ, ನಾಳೆ ಮುಂಜಾನೆ ದವಾಖಾನೆಗೆ ಒಯ್ಯೋಣವೆಂದು ಅಪ್ಪ ತಡವರಿಸಿದರು.

"ನಾಳೆ ಅನಬ್ಯಾಡ್ರಿ ಅಣ್ಣಾರ. ನನ್ನ ಮಾತ ಸುಳ್ಳಾದ್ರ ಬಂದು ಬೈರಿ. ಈಗ ಎಬ್ಬಸರಿ."

ಎಬ್ಬಿಸಿದೆವು. ವಿಜಯಪುರದ ದವಾಖಾನೆಯಲ್ಲಿ ಒಂಬತ್ತು ದಿನ ಇದ್ದ. ಪುಪ್ಪುಸ ಸುಟ್ಟಂತಾಗಿ ಅದರಲ್ಲಿ ಕೀವು ತುಂಬಿದೆ, ತಡವಾಯಿತು ಎಂದರು ಡಾಕ್ಟರು. ಮೂಗಿಗೆ ನಳಿಕೆ ಹಾಕಿದ್ದರಿಂದ ತಮ್ಮ ಹೆಚ್ಚು ಮಾತಾಡಲಿಲ್ಲ. ಅಕ್ಕೋರು ದಿನವೂ ಬಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದರು. ಹತ್ತನೇ ದಿನ ಬೆಳಗ್ಗೆ ಅವನು ಹೋದ. ಇಪ್ಪತ್ತೆರಡು ವರ್ಷ.

ಮಣ್ಣು ಕೊಟ್ಟ ಮೂರನೇ ದಿನ ಅಕ್ಕೋರು ಮನೆಗೆ ಬಂದರು. ಅಂಗಳದಲ್ಲಿ ನೆಂಟರಿದ್ದರು. ಯಾರೋ ಗುಸುಗುಸು ಕೇಳುತ್ತಿದ್ದರು, ಹೊಗೆಯ ಪಕ್ಕದಲ್ಲಿ ಮಲಗಿಸಿದಿರಾ, ಹೊರಗೆ ಹೊರಲಿಲ್ಲವೇ ಎಂದು. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ನನ್ನ ಮೈಯೆಲ್ಲ ಉರಿಯಿತು. ಎಲ್ಲರ ಮುಂದೆ ಅಕ್ಕೋರಿಗೆ ಬೆರಳು ತೋರಿಸಿದೆ.

"ಕಿಡಕಿ ಮುಚ್ಚಂದಾಕಿ ಇಕಿ. ಇಕಿನ್ನ ಕೇಳ್ರಿ."

ಹಿರಿಯ ಹೆಂಗಸಿಗೆ, ನನಗೆ ಕಲಿಸಿದವಳಿಗೆ, ಇಕಿ ಎಂದೆ. ಅವರು ಸೆರಗು ಸರಿಮಾಡಿಕೊಂಡರು. ನೀನು ಎಲ್ಲಿಡುತ್ತೀ ಎಂದು ಹೇಳಲಿಲ್ಲವಲ್ಲ ಎಂದು ತಿರುಗಿ ಕೇಳಬಹುದಿತ್ತು. ನ್ಯಾಯವಾಗಿತ್ತು ಕೂಡ.

"ಹೌದು ತಂಗಿ. ನಾನ ಹೇಳಿದ್ದು. ಕೇಳಬೇಕಾಗಿತ್ತು, ಕೇಳಲಿಲ್ಲ" ಅಂದರು. ಅವ್ವ ಕೊಟ್ಟ ನೀರನ್ನು ಕುಡಿಯದೆ, ಚೊಂಬಿಗೆ ಕೈ ಮುಗಿದು ಎದ್ದು ಹೋದರು.

ಮುಂದಿನ ಸುಗ್ಗಿಯಲ್ಲಿ ಕೋಲ್ಡ್ ಸ್ಟೋರೇಜಿಗೆ ಮಾಲು ತರುವವರ ಬಾಯಲ್ಲಿ ಒಂದು ಸುದ್ದಿ ಬಂತು. ವಿಜಯಪುರದ ಯಾರೋ ಒಬ್ಬ ಅಕ್ಕೋರು ಕೈಚೀಲದಲ್ಲಿ ಕಪ್ಪಾದ ಕಂಪ್ಯೂಟರಿನ ತುಂಡು ಇಟ್ಟುಕೊಂಡು ಶೆಡ್ಡಿನಿಂದ ಶೆಡ್ಡಿಗೆ ತಿರುಗುತ್ತಿದ್ದಾಳೆ ಎಂದು. ಗಂಧಕದ ಖೋಲಿಗೆ ಅಂಟಿ ಮಂದಿ ಮಲಗುವ ಕೋಣೆ ಇದೆಯೇ, ಕೂಸು ಇದೆಯೇ, ಮುದುಕರಿದ್ದಾರೆಯೇ ಎಂದು ಕೇಳುತ್ತಾಳೆ, ತುಂಡನ್ನು ತೋರಿಸುತ್ತಾಳೆ, ತಾಮ್ರವೇ ಹೀಗಾಗಿದೆ ನೋಡಿರಿ ಅನ್ನುತ್ತಾಳೆ. ಹೇಳುತ್ತ ನಗುತ್ತಿದ್ದರು. ಹುಚ್ಚು ಹಿಡಿದಿರಬೇಕು ಎಂದರು. ನಾನು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ.

ಅಕ್ಕೋರು ಟಿಕೋಟಾ ಸುತ್ತ ಮುಗಿಸಿ ಬಬಲೇಶ್ವರದ ಕಡೆ ಹೋದರು, ಆಮೇಲೆ ಕಾಖಂಡಕಿ. ಬಸ್ಸು ರಸ್ತೆಗೆ ಬಿಡುತ್ತದೆ, ಶೆಡ್ಡುಗಳು ಹೊಲದ ನಡುವೆ. ಮಾರ್ಚಿನ ಬಿಸಿಲಲ್ಲಿ ಮೈಲುಗಟ್ಟಲೆ ನಡಿಗೆ. ಕೆಲವರು ನಾಯಿ ಬಿಟ್ಟರು, ಕೆಲವರು ನೀರು ಕೊಟ್ಟು ಕಳಿಸಿದರು, ಮಾಲಿನ ದರ ಬೀಳಿಸಲು ಯಾರೋ ಕಳಿಸಿದ ಹೆಂಗಸೆಂದು ಒಬ್ಬ ದಬ್ಬಿದನಂತೆ. ಕಾಖಂಡಕಿಯ ಒಂದು ಮನೆಯಲ್ಲಿ ಮಾತ್ರ ಬಾಣಂತಿಯನ್ನೂ ತೊಟ್ಟಿಲನ್ನೂ ಅವತ್ತೇ ಊರೊಳಗಿನ ಮನೆಗೆ ಸಾಗಿಸಿದರೆಂದು ಕೇಳಿದೆ. ನಮ್ಮ ಅಪ್ಪ ಯಾರಿಗೂ ಹೇಳದೆ ಗಂಧಕದ ಖೋಲಿ ಕೆಡವಿ ಹೊಲದ ಆಚೆ ತುದಿಗೆ ಹೊಸದು ಕಟ್ಟಿಸಿದರು. ಇಟ್ಟಿಗೆಗಳನ್ನು ತಾವೇ ಹೊತ್ತರು, ಆಳಿಗೆ ಮುಟ್ಟಗೊಡಲಿಲ್ಲ.

ಆ ವರ್ಷ ಒಮ್ಮೆ ಬಬಲೇಶ್ವರ ರಸ್ತೆಯಲ್ಲಿ ನಾನೇ ಕಣ್ಣಾರೆ ಕಂಡೆ. ನಾನು ಬಸ್ಸಿನಲ್ಲಿದ್ದೆ. ಅವರು ರಸ್ತೆಯ ಅಂಚಿನಲ್ಲಿ, ತಲೆಯ ಮೇಲೆ ಸೆರಗು, ಎಡಗಾಲಿನ ಬೆರಳಿಗೆ ಚಿಂದಿ ಸುತ್ತಿಕೊಂಡು ಕುಂಟುತ್ತ ನಡೆಯುತ್ತಿದ್ದರು. ಇಳಿದು ಮಾತಾಡಿಸಬೇಕು ಅನ್ನಿಸಿತು. ಬಸ್ಸು ಮುಂದೆ ಹೋಯಿತು, ನಾನು ಇಳಿಯಲಿಲ್ಲ. ಅವರು ಯಾಕೆ ನಡೆಯುತ್ತಿದ್ದಾರೆಂದು ಲೋಕದಲ್ಲಿ ನನ್ನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ.

ಅದರ ಮುಂದಿನ ಸುಗ್ಗಿಯಲ್ಲೂ ನಡೆದರು. ಸಕ್ಕರೆ ಇದ್ದ ಕಾಲು ಬೊಬ್ಬೆಯನ್ನು ಮಾಯಿಸಿಕೊಳ್ಳಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ವಿಷ ಮೈಗೇರಿದೆ, ಬಹಳ ದಿನವಿಲ್ಲ ಎಂಬ ಸುದ್ದಿ ಕೇಳಿ, ಎರಡು ವರ್ಷಗಳ ನಂತರ ಗುಡಿಯ ಹಿಂದಿನ ಆ ಓಣಿಗೆ ಹೋದೆ. ಮುಂಗೋಣೆಯಲ್ಲೇ ಮಂಚ ಹಾಕಿದ್ದರು. ಅಭ್ಯಾಸವಾಗಿ ಬಳೆ ತೆಗೆಯಹೋದೆ. ಬೇಡವೆಂದು ಕೈಸನ್ನೆ ಮಾಡಿದರು. ಎಲ್ಲ ಮಿಷನ್‌ಗಳನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದರು.

ಬೈದಾರು ಎಂದುಕೊಂಡು ಹೋಗಿದ್ದೆ, ಬೈಯಲಿ ಎಂದೂ ಆಸೆಯಿತ್ತು. ಅವ್ವನ ಆರೋಗ್ಯ ಕೇಳಿದರು. ಅಪ್ಪ ಖೋಲಿ ದೂರ ಸರಿಸಿದ್ದು ಖರೆಯೇ ಎಂದು ಕೇಳಿದರು. ಖರೆ ಎಂದಾಗ ಭಾಳ ಛಲೋ ಆತು ಅಂದರು. ಆಮೇಲೆ ನನ್ನನ್ನೇ ನೋಡಿದರು.

"ಒಂದ ಮಾತ ತಂಗಿ. ಉಸರ ಹಾಕಾಕ ತ್ರಾಸ ಆಗಾಕತ್ತೈತಿ ಅಂತ ಅಂವ ಯಾರ ಮುಂದೂ ಅನ್ನಲೇ ಇಲ್ಲೇನ? ನನಗ ಫೋನ ಮಾಡಿದಾಗೂ ಅನ್ನಲಿಲ್ಲ. ಅಂದಿದ್ರ ನನಗ ತಿಳೀತಿತ್ತು."

"ಇಲ್ರಿ ಅಕ್ಕೋರ. ಯಾರ ಮುಂದೂ ಅಂದಿಲ್ಲ" ಎಂದೆ.

ಅವರು ತಲೆಯಾಡಿಸಿದರು. ನಾನು ಕೇಳಬೇಕಾಗಿತ್ತು ಎಂದು ಮತ್ತೆ ಅದನ್ನೇ, ತಮಗೆ ತಾವೇ, ಅಂದುಕೊಂಡರು. ಎಂಟು ದಿನಕ್ಕೆ ತೀರಿಕೊಂಡರು.

ನಾನು ಹೇಳಿದ್ದು ಸುಳ್ಳು. ಸುಗ್ಗಿಯ ಮೂರನೇ ವಾರ ಒಂದು ಬೆಳಗ್ಗೆ, ನಾನು ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ, ತಮ್ಮ ಹೆಡ್‌ಫೋನನ್ನು ಕಿವಿಯಿಂದ ಕೆಳಗಿಳಿಸಿ ನನ್ನನ್ನು ಕರೆದಿದ್ದ. "ಅಕ್ಕಾ, ಕಿಡಕಿ ಒಂಚೂರು ತಗಿ. ಎದಿ ಹಿಡಿದಂಗ ಆಗಾಕತ್ತೈತಿ." ಬಸ್ಸಿಗೆ ತಡವಾಗಿತ್ತು. ಧೂಳು ಹೊಕ್ಕರೆ ನಿನ್ನ ಮಿಷನ್ನೇ ಕೆಡುತ್ತದೆ, ಸಂಜ್ಯಾಗ ಬಂದು ತೆಗೆಯುತ್ತೇನೆ ಎಂದು ಹೊರಟೆ. ಸಂಜೆ ಬಂದಾಗ ಅವನು ಆಟದಲ್ಲಿ ಮುಳುಗಿ ನಗುತ್ತಿದ್ದ. ನಾನು ಮರೆತೆ. ಅವನು ಮತ್ತೆ ಕೇಳಲಿಲ್ಲ.

ಇದು ಅಪ್ಪನಿಗೆ ಗೊತ್ತಿಲ್ಲ, ಅವ್ವನಿಗೆ ಗೊತ್ತಿಲ್ಲ. ಗೊತ್ತಾಗಬೇಕಿದ್ದುದು ಒಬ್ಬರಿಗೆ. ಬಾಯಿಬಿಟ್ಟು ಕೇಳಿದರು, ನಾನು ಅವರ ಕಣ್ಣಲ್ಲಿ ಕಣ್ಣಿಟ್ಟು ಇಲ್ಲವೆಂದೆ. ತಪ್ಪೆಲ್ಲ ತನ್ನೊಬ್ಬಳದೇ ಎಂದು ನಂಬಿಕೊಂಡೇ ಅಕ್ಕೋರು ಹೋದರು. ಹಾಗೆ ಹೋಗಲು ನಾನು ಬಿಟ್ಟೆ.